ಊರು ನಮ್ಮದು, ಶಾಸ್ತ್ರ ಯಾರದು?

ಕಳೆದ ವರ್ಷ ನಮ್ಮ ಸಂಘದ ಸಭಾಗೃಹದಲ್ಲಿ ಪ್ರವಾಸ ಸಾಹಿತ್ಯವನ್ನು ಕುರಿತು ವಿಚಾರಗೋಷ್ಠಿಯೊಂದು ನಡೆಯಿತು. ಊರಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ತಮ್ಮ ಭಾಷಣದ ಕೊನೆಯಲ್ಲಿ ಒಂದು ಮಾತು ಹೇಳಿದರು. ಕನ್ನಡಿಗರು ಪ್ರವಾಸಕಥನಗಳನ್ನು ಸೊಗಸಾಗಿ ಬರೆದಿದ್ದಾರೆ, ಇನ್ನೂ ಬರೆಯಲಿ. ಆದರೆ ಪ್ರವಾಸವನ್ನು ಶಾಸ್ತ್ರವಾಗಿ ಅಭ್ಯಸಿಸುವುದು ಇಂಗ್ಲಿಷಿನ ಕೆಲಸ. ಅದು ಆ ಭಾಷೆಯಲ್ಲೇ ಹುಟ್ಟಿದ ಶಾಸ್ತ್ರ, ಅದರ ವಿದ್ವತ್ಪತ್ರಿಕೆಗಳೆಲ್ಲ ಆ ಭಾಷೆಯವೇ, ಅದನ್ನು ಕನ್ನಡಕ್ಕೆ ಎಳೆತರುವ ಹಟ ಬೇಡ ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ವಂದನಾರ್ಪಣೆಗೆ ಅವಸರಿಸಿದರು, ಚಹಾ ಕಾದಿತ್ತು. ಆ ದಿನ ಕೇಳಲು ಅವಕಾಶವಾಗದ ಪ್ರಶ್ನೆಗಳನ್ನು ಈಗ ಈ ಪುಟಗಳಲ್ಲಿ ಎತ್ತುತ್ತಿದ್ದೇನೆ.

ಪ್ರವಾಸ ಅಧ್ಯಯನ ಇಂಗ್ಲಿಷಿನಲ್ಲಿ ಹುಟ್ಟಿತೆಂಬುದೇ ಸುಳ್ಳು. ಈ ಶಾಸ್ತ್ರದ ತೊಟ್ಟಿಲು ತೂಗಿದ್ದು ಜರ್ಮನ್ ಭಾಷೆ. ಬರ್ಲಿನ್ನಿನ ವಾಣಿಜ್ಯ ವಿದ್ಯಾಲಯದಲ್ಲಿ 1929ರಲ್ಲಿ ರಾಬರ್ಟ್ ಗ್ಲ್ಯೂಕ್ಸ್‌ಮನ್ ಎಂಬ ವಿದ್ವಾಂಸ ಪ್ರವಾಸ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿದ. ಅದರ ಪತ್ರಿಕೆ ‘ಆರ್ಖಿವ್ ಫ್ಯೂರ್ ಡೆನ್ ಫ್ರೆಮ್ಡೆನ್‌ಫೆರ್ಕೆರ್’ ಮರುವರ್ಷವೇ ಹೊರಬಂದಿತು. ‘ಫ್ರೆಮ್ಡೆನ್‌ಫೆರ್ಕೆರ್’ ಎಂದರೆ ಪರಸ್ಥಳದವರ ಸಂಚಾರ. ಹೊಸ ಶಾಸ್ತ್ರಕ್ಕೆ ಹೆಸರು ಹುಡುಕಲು ಆತ ಪರಭಾಷೆಯ ಬಾಗಿಲಿಗೆ ಹೋಗಲಿಲ್ಲ. ತನ್ನ ಜನ ದಿನನಿತ್ಯ ಬಳಸುತ್ತಿದ್ದ ಮಾತನ್ನೇ ಎತ್ತಿಕೊಂಡ. ನಾಜಿಗಳ ಆಳ್ವಿಕೆಯಲ್ಲಿ, 1930ರ ದಶಕದ ನಡುವಿನಲ್ಲೇ, ಆ ಸಂಸ್ಥೆಯೂ ಪತ್ರಿಕೆಯೂ ಮುಚ್ಚಿಹೋದವು. ಪೋಲೆಂಡಿನ ಕ್ರಾಕೋವ್ ನಗರದ ಯಾಗಿಯೆಲ್ಲೋನಿಯನ್ ವಿಶ್ವವಿದ್ಯಾಲಯ 1936ರಲ್ಲಿ ಪ್ರವಾಸ ಅಧ್ಯಯನದ ವಿಭಾಗವನ್ನು ತೆರೆಯಿತು. 1939ರಲ್ಲಿ ಯುದ್ಧ ಅದನ್ನು ನುಂಗಿತು. ಅಳಿದುಳಿದ ಕಿಡಿಯನ್ನು ಕಾಪಾಡಿದವರು ಸ್ವಿಟ್ಜರ್ಲೆಂಡಿನ ವಾಲ್ಟರ್ ಹುನ್ಜಿಕರ್ ಮತ್ತು ಕುರ್ಟ್ ಕ್ರಾಫ್. ಈ ಇಬ್ಬರು 1942ರಲ್ಲಿ, ಸುತ್ತಲಿನ ದೇಶಗಳೆಲ್ಲ ಉರಿಯುತ್ತಿದ್ದಾಗ, ಪ್ರವಾಸಶಾಸ್ತ್ರದ ಮೂಲಗ್ರಂಥವನ್ನು ಜರ್ಮನ್ನಿನಲ್ಲಿ ಪ್ರಕಟಿಸಿದರು. 1946ರಲ್ಲಿ ಅವರ ಬಳಗದಿಂದ ಹೊರಟ ಪತ್ರಿಕೆಯ ಮುಖಪುಟದ ಮೇಲೆ ಹೆಸರು ಮೂರು ಭಾಷೆಗಳಲ್ಲಿ ಅಚ್ಚಾಗುತ್ತಿತ್ತು: ಜರ್ಮನ್, ಫ್ರೆಂಚ್, ಇಂಗ್ಲಿಷ್. ಒಳಗಿನ ಲೇಖನಗಳೂ ಹಾಗೆಯೇ. ಬರೆದವನ ಭಾಷೆ ಯಾವುದೋ ಲೇಖನದ ಭಾಷೆ ಅದು. ಇಂದು ಆ ಪತ್ರಿಕೆ ‘ಟೂರಿಸಂ ರಿವ್ಯೂ’ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಎಮರಾಲ್ಡ್ ಎಂಬ ಪ್ರಕಾಶನದ ಕೈಯಲ್ಲಿದೆ. ಅದರ ಭಾಷೆ ಈಗ ಇಂಗ್ಲಿಷ್ ಒಂದೇ. ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ ಮೂರು ನಾಲಗೆಗಳಿಂದ ಮಾತಾಡುತ್ತಿದ್ದ ಕೂಸು ಬೆಳೆದು ದೊಡ್ಡದಾಗುವಷ್ಟರಲ್ಲಿ ಎರಡು ನಾಲಗೆಗಳನ್ನು ಕಳೆದುಕೊಂಡಿತು. ನಮ್ಮ ಪ್ರಾಧ್ಯಾಪಕರು ಕಂಡದ್ದು ಈ ಕಡೆಯ ಅವಸ್ಥೆಯನ್ನು. ಅದನ್ನೇ ಅವರು ಜನ್ಮಲಕ್ಷಣವೆಂದು ತಿಳಿದರು.

ಇಂಗ್ಲಿಷಿನ ಕೊಡುಗೆಯನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. 1962ರಲ್ಲಿ ಅಮೆರಿಕದಲ್ಲಿ ವಾರ್ತಾಪತ್ರದ ಮಟ್ಟದಲ್ಲಿ ಆರಂಭವಾದದ್ದು ಹತ್ತು ವರ್ಷಗಳ ಬಳಿಕ ‘ಜರ್ನಲ್ ಆಫ್ ಟ್ರಾವೆಲ್ ರಿಸರ್ಚ್’ ಎಂಬ ಪತ್ರಿಕೆಯಾಯಿತು. ಹೋಟೆಲು, ವಿಮಾನ, ಪ್ರಚಾರಗಳ ಲೆಕ್ಕಾಚಾರ ಅದರ ಕಸುಬು. ಆದರೆ 1973ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರೊಂದರ ವಿಶ್ವವಿದ್ಯಾಲಯದಿಂದ ಜಾಫರ್ ಜಾಫರಿ ಹೊರಡಿಸಿದ ‘ಆನಲ್ಸ್ ಆಫ್ ಟೂರಿಸಂ ರಿಸರ್ಚ್’ ಬೇರೆಯದೇ ದಾರಿ ಹಿಡಿಯಿತು. ಜಾಫರಿ ಇರಾನ್ ಮೂಲದವರು. ಹೊರನಾಡಿನಲ್ಲಿ ಕುಳಿತು ಪತ್ರಿಕೆ ನಡೆಸುವ ಪಾಡು ಏನೆಂಬುದು ಈ ತ್ರೈಮಾಸಿಕದ ಸಂಪಾದಕರಿಗೆ ವಿವರಿಸಬೇಕಾಗಿಲ್ಲ. ತಮ್ಮದು ಸಮಾಜವಿಜ್ಞಾನದ ಪತ್ರಿಕೆ ಎಂದು ಅವರು ಸಾರಿದರು. ಪ್ರವಾಸವೆಂದರೆ ಕೇವಲ ವ್ಯಾಪಾರವಲ್ಲ; ಆತಿಥೇಯ ಮತ್ತು ಅತಿಥಿ, ಯಾತ್ರೆ ಮತ್ತು ವಿಹಾರ, ಹಣ ಮತ್ತು ಮಾನ ಇವೆಲ್ಲ ಅದರಲ್ಲಿ ಹೆಣೆದುಕೊಂಡಿವೆ ಎಂಬ ಅರಿವನ್ನು ಆ ಪುಟಗಳು ಬೆಳೆಸಿದವು. ಮಾನವಶಾಸ್ತ್ರಜ್ಞ ನೆಲ್ಸನ್ ಗ್ರಾಬರ್ನ್ 1983ರಲ್ಲಿ ಅದರ ವಿಶೇಷ ಸಂಚಿಕೆಯೊಂದನ್ನು ಸಂಪಾದಿಸಿದ ಮೇಲೆ, ಪ್ರವಾಸವನ್ನು ಅಭ್ಯಸಿಸುವವರನ್ನು ರಜೆ ಕಳೆಯಲು ನೆಪ ಹುಡುಕುವವರು ಎಂದು ಗೇಲಿ ಮಾಡುತ್ತಿದ್ದ ಮಾನವಶಾಸ್ತ್ರಜ್ಞರಿಗೂ ಸುಮ್ಮನಿರುವುದು ಕಷ್ಟವಾಯಿತು. ಮತ್ತೊಂದು ಸಂಗತಿಯನ್ನು ಓದುಗರು ಗಮನದಲ್ಲಿಡಬೇಕು. ಈ ಪತ್ರಿಕೆ ಬಹುಕಾಲ ಪ್ರತಿ ಲೇಖನದ ಸಾರಾಂಶವನ್ನು ಇಂಗ್ಲಿಷಿನ ಜೊತೆಗೆ ಫ್ರೆಂಚಿನಲ್ಲಿಯೂ ಅಚ್ಚುಹಾಕುತ್ತಿತ್ತು. ಎರಡನೆಯ ಭಾಷೆಗೆ ಅರ್ಧ ಪುಟ ಬಿಟ್ಟುಕೊಟ್ಟ ಮಾತ್ರಕ್ಕೆ ಅದರ ವಿದ್ವತ್ತಿನ ಮಟ್ಟವೇನೂ ಕುಸಿಯಲಿಲ್ಲ.

ಆಮೇಲಿನ ಕಥೆ ಮಾರುಕಟ್ಟೆಯದು. ‘ಆನಲ್ಸ್’ 1980ರ ದಶಕದಲ್ಲಿ ರಾಬರ್ಟ್ ಮ್ಯಾಕ್ಸ್‌ವೆಲ್ಲನ ಪರ್ಗಮಾನ್ ಪ್ರಕಾಶನದ ಪಾಲಾಗಿತ್ತು. ಸಾಲದಲ್ಲಿ ಮುಳುಗಿದ ಮ್ಯಾಕ್ಸ್‌ವೆಲ್ 1991ರಲ್ಲಿ ಪರ್ಗಮಾನನ್ನು ಡಚ್ಚರ ಎಲ್ಸೆವಿಯರ್ ಕಂಪನಿಗೆ ಮಾರಿದ. 1980ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ‘ಟೂರಿಸಂ ಮ್ಯಾನೇಜ್‌ಮೆಂಟ್’ ಕೂಡ ಕ್ರಮೇಣ ಅದೇ ಮನೆ ಸೇರಿತು. 1993ರಲ್ಲಿ ಆರಂಭವಾದ ‘ಜರ್ನಲ್ ಆಫ್ ಸಸ್ಟೇನಬಲ್ ಟೂರಿಸಂ’ ಸಣ್ಣ ಪ್ರಕಾಶನವೊಂದರಿಂದ ಹೊರಟು ಟೇಲರ್ ಅಂಡ್ ಫ್ರಾನ್ಸಿಸ್ ಸಂಸ್ಥೆಗೆ ಹೋಯಿತು. ‘ಟ್ರಾವೆಲ್ ರಿಸರ್ಚ್’ ಸೇಜ್‌ನದಾಯಿತು. ಇಂದು ಪ್ರವಾಸ ಮತ್ತು ಆತಿಥ್ಯ ಕುರಿತ ವಿದ್ವತ್ಪತ್ರಿಕೆಗಳ ಸಂಖ್ಯೆ ನೂರರ ಗಡಿಯನ್ನು ಎಂದೋ ದಾಟಿದೆ. ಆದರೆ ಹೆಸರುವಾಸಿಯಾದವುಗಳ ಒಡೆತನವನ್ನು ಹುಡುಕಿದರೆ ಒಂದು ಕೈಯ ಬೆರಳುಗಳೇ ಸಾಕು. ಲೇಖಕನಿಗೆ ಸಂಭಾವನೆಯಿಲ್ಲ, ಪರಿಶೀಲಿಸುವ ವಿದ್ವಾಂಸನಿಗೂ ಇಲ್ಲ. ಇಬ್ಬರಿಗೂ ಸಂಬಳ ಕೊಡುವುದು ಅವರವರ ವಿಶ್ವವಿದ್ಯಾಲಯ. ಅವರು ಬರೆದದ್ದನ್ನು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಮಾರುವುದು ಪ್ರಕಾಶಕ. ಎಲ್ಸೆವಿಯರ್ ಸೇರಿರುವ ಸಮೂಹದ ವಿಜ್ಞಾನ ಪ್ರಕಾಶನ ವಿಭಾಗ ನೂರು ರೂಪಾಯಿ ವಹಿವಾಟಿಗೆ ಮೂವತ್ತೈದಕ್ಕೂ ಮಿಕ್ಕು ಲಾಭ ಎಣಿಸುತ್ತದೆ. ಮುಂಬಯಿಯ ಯಾವ ಉಡುಪಿ ಹೋಟೆಲಿನ ಮಾಲೀಕನೂ ಕನಸಿನಲ್ಲಿಯೂ ಕಂಡಿರದ ಗಿರಾಕಿ ಇದು.

ಇದರ ಬೇರು ನಮ್ಮ ಅಂಗಳದವರೆಗೆ ಹೇಗೆ ಚಾಚಿದೆಯೆಂಬುದನ್ನು ಒಂದು ಪ್ರಸಂಗದಿಂದ ಹೇಳುತ್ತೇನೆ.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡವನ್ನು ಸಂಘದ ಭಾನುವಾರದ ತರಗತಿಯಲ್ಲಿ ಕಲಿತವಳು. ಪ್ರವಾಸೋದ್ಯಮದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೇಲೆ ಸಂಶೋಧನೆಗೆ ತನ್ನ ಅಜ್ಜನ ಸೀಮೆಯನ್ನೇ ಆರಿಸಿಕೊಂಡಳು: ಹಂಪಿ-ಆನೆಗೊಂದಿಯ ನಡುವೆ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರ ಬದುಕು. ಎರಡು ವರ್ಷ ಹೊಳೆದಂಡೆಯಲ್ಲಿ ಅಲೆದಳು. ಭಾನುವಾರದ ತರಗತಿಯ ಕನ್ನಡ ಅಲ್ಲಿ ಸೀಮೆಯ ಕನ್ನಡವಾಗಿ ಮಾಗಿತು. ಲೇಖನ ಬರೆದಳು, ಎರಡು ಬಾರಿ ತಿದ್ದಿದಳು, ಕೊನೆಗೆ ವಿದೇಶದ ಹೆಸರಾಂತ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾಯಿತು. ಮನೆಯಲ್ಲಿ ಹೋಳಿಗೆಯೂಟ; ನಾನೂ ಉಂಡು ಬಂದೆ. ಮುಂದಿನ ರಜೆಯಲ್ಲಿ ಹೊಳೆದಂಡೆಗೆ ಹೋದಾಗ, ಅವಳಿಗೆ ತಾಸುಗಟ್ಟಲೆ ತನ್ನ ಬದುಕನ್ನು ಬಿಚ್ಚಿಟ್ಟಿದ್ದ ಹರಿಗೋಲಿನ ಮುದುಕ ಕೇಳಿದನಂತೆ: “ನಮ್ಮ ಬಗ್ಗಿ ಏನ್ ಬರದೀಯವ್ವಾ, ಒಂದೀಟು ಓದಿ ಹೇಳು.” ಅವಳು ಹೇಳಿದಳು. ಮುದುಕನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಊರಿನ ಹುಡುಗರು ಓದುವಂತೆ ಕನ್ನಡದಲ್ಲಿ ಬರೆದುಕೊಡು ಎಂದ. ಅವಳು ಒಪ್ಪಿದಳು. ಮನೆಗೆ ಬಂದು ಪ್ರಕಾಶಕರೊಡನೆ ಮಾಡಿಕೊಂಡ ಒಪ್ಪಂದವನ್ನು ತೆರೆದು ನೋಡಿದರೆ, ಲೇಖನದ ಹಕ್ಕು ಅವಳದಲ್ಲ. ಭಾಷಾಂತರದ ಹಕ್ಕೂ ಅವಳದಲ್ಲ. ಅಜ್ಜನ ಸೀಮೆಯನ್ನು ಕುರಿತು ತಾನೇ ಬರೆದ ಲೇಖನವನ್ನು ತಾಯಿಯ ಭಾಷೆಗೆ ತರಲು ಅವಳು ಸಮುದ್ರದಾಚೆಯ ಕಚೇರಿಯೊಂದಕ್ಕೆ ಅರ್ಜಿ ಹಾಕಬೇಕು! ಹೊರಗಿನವರು ಆ ಲೇಖನವನ್ನು ಓದಬೇಕಾದರೆ ತೆರಬೇಕಾದ ಬೆಲೆ ನಲವತ್ತು ಡಾಲರಿನ ಆಸುಪಾಸು. ಎಲ್ಲರೂ ಉಚಿತವಾಗಿ ಓದುವಂತೆ ತೆರೆದಿಡಿ ಎಂದರೆ ಲೇಖಕಿಯೇ ಸಾವಿರಾರು ಡಾಲರು ಕಟ್ಟಬೇಕು. ಮುದುಕ ಒಂದು ಸಲಕ್ಕೆ ಹೊಳೆ ದಾಟಿಸಿ ಪಡೆಯುವ ದುಡ್ಡಿನೊಡನೆ ಈ ಮೊತ್ತವನ್ನು ಹೋಲಿಸುವ ಕೆಲಸವನ್ನು ಓದುಗರಿಗೇ ಬಿಡುತ್ತೇನೆ. ಲೇಖನದಲ್ಲಿ ಅವನಿಗೆ ಹೆಸರಿಲ್ಲ, ‘ಮಾಹಿತಿದಾರ 7’. ಹೆಸರು ಮರೆಮಾಡುವುದು ಸಂಶೋಧನೆಯ ಸದಾಚಾರವೆಂದು ನನಗೂ ಗೊತ್ತು. ಓದುಗನಾಗುವ ಹಕ್ಕನ್ನೂ ಅವನಿಂದ ಕಸಿಯಬೇಕೆಂದು ಯಾವ ಸದಾಚಾರವೂ ಹೇಳುವುದಿಲ್ಲ.

ಇದನ್ನು ಒಬ್ಬಳ ವೈಯಕ್ತಿಕ ನೋವೆಂದು ತಳ್ಳಿಹಾಕುವಂತಿಲ್ಲ. ಹಂಪಿ ಬಜಾರನ್ನೇ ನೋಡಿ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ತಾಣ ಅದು. ವಿರೂಪಾಕ್ಷನ ರಥಬೀದಿಯ ಸಾಲುಮಂಟಪಗಳಲ್ಲಿ ಸಂಸಾರ ಹೂಡಿ, ಅಂಗಡಿ ಇಟ್ಟು, ಪ್ರವಾಸಿಗರಿಗೆ ಅನ್ನ ನೀರು ಒದಗಿಸುತ್ತಿದ್ದ ನೂರಾರು ಕುಟುಂಬಗಳ ಮೇಲೆ 2011ರ ಜುಲೈಯಲ್ಲಿ ಬುಲ್ಡೋಜರು ಹರಿಯಿತು. 2020ರ ಮಾರ್ಚಿನಲ್ಲಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಸರದಿ. ತೆರವು ಸರಿಯೋ ತಪ್ಪೋ ಎಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ. ಸ್ಮಾರಕಗಳ ಪಕ್ಷವೂ ಗಟ್ಟಿಯಾದದ್ದೇ, ಗಡ್ಡೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೀರ್ಪು ಕೊಟ್ಟಿದೆ. ನನ್ನ ಪ್ರಶ್ನೆ ಬೇರೆ. ಬಜಾರಿನ ತೆರವನ್ನು ವಿದ್ವತ್ತಿನ ಕಣ್ಣಿನಿಂದ ಪರಿಶೀಲಿಸಿ, ಅಲ್ಲಿನ ಜನರೂ ಪರಂಪರೆಯ ಭಾಗವಲ್ಲವೇ ಎಂದು ಕೇಳಿದ ಒಂದು ಗಂಭೀರ ಲೇಖನ 2016ರಲ್ಲಿ ಬಂದಿತು. ಬರೆದವರು ಪೋಲೆಂಡಿನ ಮಾನವಶಾಸ್ತ್ರಜ್ಞೆ ನತಾಲಿಯಾ ಬ್ಲೋಖ್. ಪ್ರಕಟವಾದದ್ದು ‘ಕ್ರಿಟಿಕಲ್ ಏಷ್ಯನ್ ಸ್ಟಡೀಸ್’ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ. ಆಕೆಗೆ ನಾವು ಋಣಿಗಳು. ಆದರೆ ಬಜಾರಿನಿಂದ ಕಡ್ಡಿರಾಂಪುರದ ಬಯಲಿಗೆ ಹೋಗಬೇಕಾಗಿ ಬಂದವರಿಗೆ ಆ ವಾದದಿಂದ ಏನು ಉಪಯೋಗವಾದೀತು? ಅಧಿಕಾರಿಯ ಮುಂದೆ ನಿಂತು, ನೋಡಿ ಸ್ವಾಮಿ, ಶಾಸ್ತ್ರವೂ ನಮ್ಮ ಪರ ಮಾತಾಡುತ್ತದೆ ಎನ್ನಲು ಅವರ ಕೈಯಲ್ಲಿ ಕನ್ನಡದ ಒಂದು ಹಾಳೆಯೂ ಇರಲಿಲ್ಲ. ಹಂಪಿಯ ಮಗ್ಗುಲಲ್ಲೇ 1991ರಿಂದ ಕನ್ನಡದ ಹೆಸರು ಹೊತ್ತ ವಿಶ್ವವಿದ್ಯಾಲಯವಿದೆ. ಅದರ ಪ್ರಸಾರಾಂಗ ಎಷ್ಟೋ ಒಳ್ಳೆಯ ಪುಸ್ತಕಗಳನ್ನು ಕೊಟ್ಟಿದೆ ಎಂಬುದನ್ನು ನೆನೆದೇ ಕೇಳುತ್ತಿದ್ದೇನೆ: ಅಂಗಳಕ್ಕೆ ದಿನವೂ ಬಂದುಹೋಗುವ ಪ್ರವಾಸಿಗನನ್ನು ಅಭ್ಯಸಿಸುವ ಒಂದು ಕನ್ನಡ ಪತ್ರಿಕೆ ಏಕೆ ನೆಲೆಯೂರಲಿಲ್ಲ?

ಸಣ್ಣ ಊರಿನಿಂದ ಇಂಥದ್ದು ಆಗುವ ಮಾತಲ್ಲ ಎನ್ನುವವರಿಗೆ ಲಖನೌ ತೋರಿಸಬೇಕು. ಹಿಮಾಲಯದ ಪ್ರವಾಸವನ್ನು ಅಭ್ಯಸಿಸಿದ ತೇಜ್ ವೀರ್ ಸಿಂಗ್ 1976ರಲ್ಲಿ ಆ ನಗರದಿಂದ ‘ಟೂರಿಸಂ ರಿಕ್ರಿಯೇಶನ್ ರಿಸರ್ಚ್’ ಎಂಬ ಪತ್ರಿಕೆ ಆರಂಭಿಸಿದರು. ‘ಆನಲ್ಸ್’ ಹುಟ್ಟಿ ಆಗ ಮೂರೇ ವರ್ಷ. ‘ಟೂರಿಸಂ ಮ್ಯಾನೇಜ್‌ಮೆಂಟ್’ ಇನ್ನೂ ಹುಟ್ಟಿರಲಿಲ್ಲ. ಕೇಂದ್ರ ಸರ್ಕಾರದ ಪ್ರವಾಸ ನಿರ್ವಹಣೆಯ ಸಂಸ್ಥೆ ಸ್ಥಾಪನೆಯಾದದ್ದು 1983ರಲ್ಲಿ. ಅಂದರೆ ಸರ್ಕಾರಕ್ಕೆ ಹೊಳೆಯುವ ಏಳು ವರ್ಷ ಮೊದಲೇ ಒಬ್ಬ ವಿದ್ವಾಂಸನಿಗೆ ಹೊಳೆದಿತ್ತು. ಸುಮಾರು ನಾಲ್ಕು ದಶಕ ಆ ಪತ್ರಿಕೆ ಲಖನೌದ ವಿಳಾಸದಿಂದಲೇ ಜಗತ್ತಿಗೆ ಹೋಯಿತು. ಈ ಶಾಸ್ತ್ರದ ದೊಡ್ಡ ಹೆಸರುಗಳು ಅದಕ್ಕೆ ಬರೆದವು. 2010ರ ದಶಕದ ನಡುವಿನಲ್ಲಿ ಅದೂ ಟೇಲರ್ ಅಂಡ್ ಫ್ರಾನ್ಸಿಸ್ ಬಳಗದ ರೌಟ್ಲೆಜ್ ಪ್ರಕಾಶನಕ್ಕೆ ಸೇರಿತು. ಅವರನ್ನು ದೂರುವ ನೈತಿಕ ಹಕ್ಕು ನಮಗಿಲ್ಲ. ನಲವತ್ತು ವರ್ಷ ಒಬ್ಬ ಮನುಷ್ಯ ಹೊತ್ತ ಪಲ್ಲಕ್ಕಿಗೆ ಹೆಗಲು ಕೊಡಲು ದೇಶದ ಯಾವ ವಿಶ್ವವಿದ್ಯಾಲಯ ಮುಂದೆ ಬಂದಿತ್ತು? ಆ ಪತ್ರಿಕೆ ಇಂಗ್ಲಿಷಿನದು, ಹಿಂದಿಯದಲ್ಲ ಎಂಬುದೂ ನಿಜ. ಆದರೂ ಕೇಂದ್ರವೆಂಬುದು ಲಂಡನ್ನಿಗೋ ನ್ಯೂಯಾರ್ಕಿಗೋ ಹುಟ್ಟಿನಿಂದ ಬಂದ ಸ್ವತ್ತಲ್ಲವೆಂದು ಅದು ತೋರಿಸಿಕೊಟ್ಟಿತು.

ಭಾಷೆಯ ಪ್ರಶ್ನೆಗೆ ಉತ್ತರ ಬೇಕಾದವರು ಬೇರೆ ದಿಕ್ಕುಗಳಿಗೂ ನೋಡಬಹುದು. ಸ್ಪೇನ್ ದೇಶ 1960ರ ದಶಕದಿಂದಲೇ ‘ಎಸ್ತುದಿಯೋಸ್ ತುರಿಸ್ತಿಕೋಸ್’ ಎಂಬ ಪತ್ರಿಕೆಯನ್ನು ತನ್ನ ಭಾಷೆಯಲ್ಲಿ ನಡೆಸಿತು. ಆ ದೇಶದವರೇ 2003ರಲ್ಲಿ ಕ್ಯಾನರಿ ದ್ವೀಪಗಳ ವಿಶ್ವವಿದ್ಯಾಲಯವೊಂದರಿಂದ ‘ಪಾಸೋಸ್’ ಎಂಬ ಇನ್ನೊಂದನ್ನು ಹೊರಡಿಸಿದರು. ಅದನ್ನು ಯಾರು ಬೇಕಾದರೂ ಕಾಸಿಲ್ಲದೆ ಓದಬಹುದು. ಬೀಜಿಂಗಿನಲ್ಲಿ 1986ರಲ್ಲಿ ಚೀನೀ ಭಾಷೆಯ ‘ಲ್ಯುಯೌ ಶ್ಯುಯೆಕಾನ್’ ಆರಂಭವಾಯಿತು. ತುರ್ಕಿಯವರು 1990ರಲ್ಲಿ ‘ಅನಾತೋಲಿಯ’ವನ್ನು ತುರ್ಕಿಯಲ್ಲಿ ತಂದರು, ಮುಂದೆ ಇಂಗ್ಲಿಷ್ ಆವೃತ್ತಿ ಹೊರಟ ಮೇಲೂ ತುರ್ಕಿಯದನ್ನು ಕೈಬಿಡಲಿಲ್ಲ. ಇವು ದೊಡ್ಡ ದೇಶಗಳ ಭಾಷೆಗಳು, ಕನ್ನಡಕ್ಕೆಲ್ಲಿಯ ಹೋಲಿಕೆ ಎಂದು ಕೆಲವರು ಮೂಗು ಮುರಿಯುತ್ತಾರೆ. ತುರ್ಕಿ ಆಡುವವರು ಕನ್ನಡಿಗರಿಗಿಂತ ಹೆಚ್ಚಿನವರು ನಿಜ. ಆದರೆ ಒಂದು ತ್ರೈಮಾಸಿಕಕ್ಕೆ ಎಷ್ಟು ಓದುಗರು ಬೇಕು? ಈ ಪತ್ರಿಕೆಗೆ ಎಷ್ಟಿದ್ದಾರೆಂದು ನಮ್ಮ ಸಂಪಾದಕರನ್ನು ಕೇಳಿ. ಅವರು ನಕ್ಕು ಸುಮ್ಮನಾಗುತ್ತಾರೆ.

ಪರಿಭಾಷೆ ಇಲ್ಲವೆಂಬ ಆಕ್ಷೇಪ ನನಗೆ ತೀರ ಬೇಸರ ತರುತ್ತದೆ. ಯಾತ್ರೆ, ಜಾತ್ರೆ, ಪರಿಷೆ, ಪ್ರವಾಸ, ಸಂಚಾರ, ಬಿಡಾರ, ಛತ್ರ, ಅರವಟ್ಟಿಗೆ, ಹರಕೆ, ದಾಸೋಹ—ಇಷ್ಟು ಪದಗಳಿರುವ ಭಾಷೆಗೆ, ಒಂದೊಂದಕ್ಕೂ ಬೇರೆ ಬೇರೆ ಸಾಮಾಜಿಕ ಸಂಬಂಧವನ್ನು ಅಂಟಿಸಿರುವ ಭಾಷೆಗೆ, ಪ್ರವಾಸವನ್ನು ಚಿಂತಿಸುವ ಶಕ್ತಿಯಿಲ್ಲವೆಂದರೆ ನಂಬುವುದು ಹೇಗೆ? ಅಮೆರಿಕದ ಸಮಾಜಶಾಸ್ತ್ರಜ್ಞ ಡೀನ್ ಮ್ಯಾಕ್ಯಾನೆಲ್ 1973ರಲ್ಲಿ ಒಂದು ಪರಿಕಲ್ಪನೆ ಮಂಡಿಸಿದ. ಪ್ರವಾಸಿಗ ಅಸಲಿ ಬದುಕನ್ನು ಅರಸಿ ಬರುತ್ತಾನೆ, ಊರಿನವರು ಅವನಿಗಾಗಿಯೇ ಅಸಲಿಯಂತೆ ಕಾಣುವುದೊಂದನ್ನು ಸಜ್ಜುಗೊಳಿಸಿ ತೋರಿಸುತ್ತಾರೆ ಎಂಬುದು ಅದರ ತಿರುಳು. ‘ವೇಷ ಕಟ್ಟಿದ ಅಸಲಿತನ’ ಎಂದರೆ ಯಕ್ಷಗಾನದ ಚೌಕಿ ಕಂಡ ಯಾವ ಕನ್ನಡಿಗನಿಗೆ ಅರ್ಥವಾಗದು? ರಾತ್ರಿಯೆಲ್ಲ ನಡೆಯುವ ಆಟವನ್ನು ಹೋಟೆಲಿನ ಅಂಗಳದಲ್ಲಿ ಅರ್ಧ ಗಂಟೆಗೆ ಕತ್ತರಿಸಿ ಕೊಡುವುದನ್ನು ಕಂಡವರಿಗಂತೂ ವ್ಯಾಖ್ಯಾನವೇ ಬೇಡ.

ಇನ್ನು ನಮ್ಮದೇ ಪಾಡು. ನಾವು ಹೊರನಾಡಿನವರು ಪ್ರತಿ ಬೇಸಿಗೆಯಲ್ಲಿ ಊರಿಗೆ ಹೋಗುತ್ತೇವೆ: ಮದುವೆಗೆ, ನಾಗಪೂಜೆಗೆ, ತಿಥಿಗೆ, ತವರಿಗೆ. ಈ ಶಾಸ್ತ್ರದ ಪುಸ್ತಕಗಳಲ್ಲಿ ನಮಗೊಂದು ಹೆಸರಿದೆ: ‘ಬಂಧುಮಿತ್ರರನ್ನು ಕಾಣಲು ಬರುವವರು’. ಹೋಟೆಲಿನಲ್ಲಿ ತಂಗದ ಕಾರಣ ನಮ್ಮನ್ನು ಎಲ್ಲರೂ ಬಹುಕಾಲ ಲೆಕ್ಕಕ್ಕೇ ಹಿಡಿಯಲಿಲ್ಲ. ಇವರನ್ನು ನಾವು ಕಡಿಮೆ ಎಣಿಸುತ್ತಿಲ್ಲವೇ ಎಂಬ ಪ್ರಶ್ನೆಯನ್ನು 1990ರಲ್ಲಿ ರಿಚರ್ಡ್ ಜಾಕ್ಸನ್ ಎತ್ತಿದ್ದು ಆಸ್ಟ್ರೇಲಿಯದ ಉತ್ತರ ತುದಿಯ ವಿಶ್ವವಿದ್ಯಾಲಯವೊಂದು ಆಗತಾನೇ ಆರಂಭಿಸಿದ್ದ ‘ಜರ್ನಲ್ ಆಫ್ ಟೂರಿಸಂ ಸ್ಟಡೀಸ್’ ಎಂಬ ಪುಟ್ಟ ಪತ್ರಿಕೆಯಲ್ಲಿ. ದೊಡ್ಡ ಮನೆಗಳಿಗೆ ತೋಚದ ಪ್ರಶ್ನೆ ಅಂಚಿನ ಪತ್ರಿಕೆಗೆ ತೋಚಿತು. ಆ ಪತ್ರಿಕೆ 2005ರಲ್ಲಿ ನಿಂತುಹೋಯಿತು. ಭಾರತದಲ್ಲಿ 2008–09ರಲ್ಲಿಯೂ 2014–15ರಲ್ಲಿಯೂ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಗಳು ಹೇಳುವುದೂ ಇದನ್ನೇ: ಮನೆಬಿಟ್ಟು ರಾತ್ರಿ ತಂಗುವ ಪಯಣಗಳಲ್ಲಿ ಬಹುಪಾಲು ನಂಟರಿಷ್ಟರನ್ನು ಕಾಣುವಂಥ ಸಾಮಾಜಿಕ ಕಾರಣದವು, ವಿಹಾರದ್ದಲ್ಲ. ವಿದ್ವತ್ಪತ್ರಿಕೆಗಳು ಪುಟಗಟ್ಟಲೆ ಕೊಡುವುದು ಮಾತ್ರ ಹೋಟೆಲಿನ ಗಿರಾಕಿಗೆ. ನಮ್ಮ ಪಯಣದ ಅರ್ಥ ಬಲ್ಲವರು ನಾವು. ನಾವೇ ಬರೆಯದಿದ್ದರೆ ಮತ್ತಾರು ಬರೆಯಬೇಕು? ಆತಿಥ್ಯದ ವಿಷಯದಲ್ಲಿಯೂ ಅಷ್ಟೇ. ಮುಂಬಯಿಯ ಮಾಟುಂಗದಿಂದ ಹಿಡಿದು ಮದರಾಸಿನವರೆಗೆ ತಲೆಮಾರುಗಳಿಂದ ಹೋಟೆಲು ನಡೆಸಿದವರು, ಹಗಲು ತಟ್ಟೆ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಹುಡುಗರು ನಮ್ಮವರು. ಉಡುಪಿ ಹೋಟೆಲುಗಳನ್ನು ಕುರಿತ ಗಂಭೀರ ಅಧ್ಯಯನವನ್ನು ನಾವು 2012ರ ಇಂಗ್ಲಿಷ್ ಸಂಕಲನವೊಂದರಲ್ಲಿ ಹುಡುಕಿ ಓದಬೇಕಾಗಿದೆ.

ಕನ್ನಡದಲ್ಲಿ ಬರೆದರೆ ಬಡ್ತಿಯಿಲ್ಲ ಎಂಬ ಅಧ್ಯಾಪಕರ ಅಳಲು ಪೊಳ್ಳಲ್ಲ. ವ್ಯವಹಾರ ವಿದ್ಯಾಲಯಗಳಲ್ಲಿ ಆಸ್ಟ್ರೇಲಿಯದ ಡೀನರ ಮಂಡಳಿಯೊಂದು ಮಾಡಿದ ದರ್ಜೆಪಟ್ಟಿಯೇ ವೇದವಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವೋ 2018ರ ಮೇ ತಿಂಗಳಲ್ಲಿ ಒಂದೇ ಏಟಿಗೆ 4,305 ಪತ್ರಿಕೆಗಳನ್ನು ತನ್ನ ಪಟ್ಟಿಯಿಂದ ಕಿತ್ತಿತು, 2019ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ತಂದಿತು, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಯ ಯೋಗ್ಯತೆಯನ್ನು ಆಯಾ ಸಂಸ್ಥೆಗಳೇ ಅಳೆಯಲಿ ಎಂದಿತು. ಹಾಗಿದ್ದ ಮೇಲೆ ಕನ್ನಡ ಪತ್ರಿಕೆಗೆ ಬಾಗಿಲು ಮುಚ್ಚಿದವರು ದೆಹಲಿಯವರೆಂದು ಇನ್ನು ಹೇಳುವಂತಿಲ್ಲ. ಬೀಗದ ಕೈ ಈಗ ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟಿನ ಮೇಜಿನ ಮೇಲಿದೆ. ಹಣವಿಲ್ಲವೆಂಬ ಮಾತೂ ನಿಲ್ಲದು. ವಿದೇಶೀ ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸಲು ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು: 30 ಪ್ರಕಾಶಕರು, 13,000ದಷ್ಟು ಪತ್ರಿಕೆಗಳು. ವಿದ್ಯಾರ್ಥಿಗಳಿಗೆ ಇದರಿಂದ ಉಪಕಾರವೇ ಆಗಿದೆ. ನಾನು ಅದನ್ನು ವಿರೋಧಿಸುವುದಿಲ್ಲ. ಆದರೆ ಅಷ್ಟು ದೊಡ್ಡ ಗಿರಾಕಿ, ಭಾರತದ ನೆಲವನ್ನು ಕುರಿತ ಪ್ರತಿ ಲೇಖನಕ್ಕೂ ಆ ನೆಲದ ಭಾಷೆಯಲ್ಲಿ ಒಂದು ಪುಟದ ಸಾರಾಂಶ ಕೊಡಿ, ಭಾಷಾಂತರದ ಹಕ್ಕನ್ನು ಲೇಖಕರಿಗೇ ಬಿಡಿ ಎಂದು ಒಂದು ಸಾಲು ಬರೆಸಿಕೊಳ್ಳಬಹುದಿತ್ತು. ಫ್ರೆಂಚಿಗೆ ‘ಆನಲ್ಸ್’ ಬಿಟ್ಟುಕೊಟ್ಟಿದ್ದ ಅರ್ಧ ಪುಟಕ್ಕಿಂತ ಇದು ಹೆಚ್ಚೇನಲ್ಲ. ಮೂರು ವರ್ಷದ ಈ ಒಪ್ಪಂದ 2027ರವರೆಗೆ. ಮುಂದಿನ ಒಪ್ಪಂದದ ಮೊದಲೇ ಹೊರನಾಡಿನ ಸಂಘಗಳು ತಮ್ಮ ತಮ್ಮ ಕ್ಷೇತ್ರದ ಸಂಸದರಿಗೆ ಈ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಬೇಕು. ಮನವಿಯ ಕರಡನ್ನು ಸಿದ್ಧಪಡಿಸಿ ನಮ್ಮ ಕಾರ್ಯಕಾರಿ ಸಮಿತಿಗೆ ಕೊಟ್ಟಿದ್ದೇನೆ.

ಹರಿಗೋಲಿನ ಲೇಖನವನ್ನು ಭಾಷಾಂತರಿಸುವ ಹಕ್ಕು ಆ ಹುಡುಗಿಗಿಲ್ಲ, ಆದರೆ ತಾನು ಕಂಡದ್ದನ್ನು ಹೊಸದಾಗಿ ಕನ್ನಡದಲ್ಲಿ ಬರೆಯುವುದನ್ನು ಯಾರೂ ತಡೆಯಲಾರರು. ಅವಳು ಬರೆಯತೊಡಗಿದ್ದಾಳೆ. ಸಂಪಾದಕರು ಬರುವ ಸಂಚಿಕೆಯಲ್ಲಿ ಹನ್ನೆರಡು ಪುಟ ಕಾದಿರಿಸಿದ್ದಾರೆ. ಇಪ್ಪತ್ತೈದು ಪ್ರತಿಗಳು ಆನೆಗೊಂದಿಯ ಹೊಳೆದಂಡೆಗೆ ಹೋಗುತ್ತವೆ.